ಬ್ರಹ್ಮಗಂಟೂ ಗಡಿಯ ಠಸ್ಸೆಯೂ

ದೆಹಲಿಯ ಓಲ್ಡ್ ರಾಜಿಂದರ್ ನಗರವೆಂದರೆ ಇಂದಿನ ಕನ್ನಡಿಗರಿಗೆ, ಅದರಲ್ಲಿಯೂ ಮಕ್ಕಳನ್ನು ಐಎಎಸ್ ಓದಿಗೆಂದು ಉತ್ತರಕ್ಕೆ ಕಳುಹಿಸಿಕೊಟ್ಟ ತಂದೆತಾಯಿಗಳಿಗೆ, ಕೋಚಿಂಗ್ ಕೇಂದ್ರಗಳೂ ಪಿ.ಜಿ. ಕೊಠಡಿಗಳೂ ರಾತ್ರಿಯಿಡೀ ದೀಪವುರಿಯುವ ಬಾಡಿಗೆಯ ವಾಚನಾಲಯಗಳೂ ಒತ್ತೊತ್ತಾಗಿ ಕಿಕ್ಕಿರಿದಿರುವ ಒಂದು ಬಡಾವಣೆ. ಶಂಕರ್ ರಸ್ತೆಯಿಂದ ಒಳಗೆ ತಿರುಗಿದರೆ ಪ್ರತಿಯೊಂದು ಗೋಡೆಯ ಮೇಲೂ ಸಂವಿಧಾನವನ್ನು ಬೋಧಿಸುವ ಗುರುಗಳ ಭಾವಚಿತ್ರಗಳು. ಆ ಗೋಡೆಗಳ ಹಿಂದೆ, ಅದೇ ಸಂವಿಧಾನದ, ಪೌರತ್ವವನ್ನು ಕುರಿತ ಐದು, ಆರು, ಏಳನೆಯ ಅನುಚ್ಛೇದಗಳನ್ನು ಉರುಹೊಡೆಯುತ್ತಿರುವ ಬಳ್ಳಾರಿಯ, ವಿಜಯಪುರದ, ಹಾಸನದ ಹುಡುಗ ಹುಡುಗಿಯರು. ತಾವು ಬಾಡಿಗೆಗೆ ಹಿಡಿದಿರುವ ಮನೆಯೇ ಆ ಅನುಚ್ಛೇದಗಳ ಭಾಷ್ಯವೆಂಬುದು ಅವರಲ್ಲಿ ಎಷ್ಟು ಮಂದಿಗೆ ಹೊಳೆದಿರುವುದೋ ಕಾಣೆ. ದೇಶವಿಭಜನೆಯ ಸಂಕ್ಷೋಭೆಯಲ್ಲಿ ಪಶ್ಚಿಮ ಪಂಜಾಬನ್ನು ಬಿಟ್ಟುಬಂದ ನಿರಾಶ್ರಿತರಿಗಾಗಿ ಸರ್ಕಾರ ನಿರ್ಮಿಸಿ, ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರಿಟ್ಟ ವಸತಿ ಇದು. ಇಲ್ಲಿಯ ಸರ್ ಗಂಗಾರಾಂ ಆಸ್ಪತ್ರೆ ಕೂಡ ೧೯೨೧ರಲ್ಲಿ ಲಾಹೋರಿನಲ್ಲಿ ಜನ್ಮತಳೆದು, ೧೯೫೧ರಲ್ಲಿ ನೆಹರೂ ಅವರಿಂದ ಶಿಲಾನ್ಯಾಸಗೊಂಡು, ೧೯೫೪ರಲ್ಲಿ ದೆಹಲಿಯಲ್ಲಿ ಪುನರ್ಜನ್ಮ ಪಡೆದದ್ದು. ಅದೇ ಹೆಸರಿನ ಇನ್ನೊಂದು ಆಸ್ಪತ್ರೆ ಲಾಹೋರಿನಲ್ಲಿ ಇಂದಿಗೂ ನಡೆಯುತ್ತಿದೆ.

ಪರದೇಶದ ಪತ್ನಿಯೋ ಪತಿಯೋ ವೀಸಾ ಇಲ್ಲದೆ ನಮ್ಮ ದೇಶಕ್ಕೆ ಬರಬಹುದೆ, ಬಂದರೆ ಎಷ್ಟು ದಿನ ಇರಬಹುದು ಎಂಬ ಪ್ರಶ್ನೆಗೆ ಉತ್ತರವನ್ನು ಈ ಬಡಾವಣೆಯಿಂದ ಆರಂಭಿಸುವುದಕ್ಕೆ ಕಾರಣವುಂಟು. ದಾಂಪತ್ಯವೆಂಬುದು ಧರ್ಮಶಾಸ್ತ್ರಕ್ಕೂ ಸಮಾಜಕ್ಕೂ ಎಷ್ಟೇ ಪವಿತ್ರವಾಗಿದ್ದರೂ, ಗಡಿಯ ಕಾನೂನು ಕೇಳುವುದು ಯಾವ ದಿನ ಬಂದಿರಿ, ಯಾವ ಕಾಗದವನ್ನು ಹಿಡಿದು ಬಂದಿರಿ ಎಂಬ ಎರಡನ್ನೇ. ಈ ಕಠೋರ ಸತ್ಯವನ್ನು ಸ್ವತಂತ್ರ ಭಾರತ ಮೊದಲು ಕಲಿತದ್ದು ೧೯೪೮ರ ಜುಲೈ ೧೯ರಂದು. ಪಶ್ಚಿಮ ಪಾಕಿಸ್ತಾನದಿಂದ ಬರುವವರು ರಹದಾರಿಯಿಲ್ಲದೆ ಒಳಗೆ ಕಾಲಿಡತಕ್ಕದ್ದಲ್ಲವೆಂಬ ಸುಗ್ರೀವಾಜ್ಞೆ ಜಾರಿಗೆ ಬಂದದ್ದು ಆ ದಿನ. ಅದಕ್ಕೆ ಮುಂಚೆ ಬಂದು ನೆಲೆಸಿದವನನ್ನು ಆರನೆಯ ಅನುಚ್ಛೇದ ನೇರವಾಗಿ ಪ್ರಜೆಯೆಂದು ಒಪ್ಪಿಕೊಂಡರೆ, ಅನಂತರ ಬಂದವನು ಆರು ತಿಂಗಳಾದರೂ ಇಲ್ಲಿ ವಾಸವಾಗಿದ್ದು ಅಧಿಕಾರಿಯ ಮುಂದೆ ಅರ್ಜಿ ಕೊಟ್ಟು ನೋಂದಾಯಿಸಿಕೊಳ್ಳಬೇಕಾಗಿತ್ತು. ಒಂದೇ ಕುಟುಂಬದ ಅಣ್ಣ ಜುಲೈ ಹದಿನೆಂಟರಂದೂ ತಮ್ಮ ಇಪ್ಪತ್ತರಂದೂ ಬಂದಿದ್ದರೆ ಅವರಿಬ್ಬರ ಪೌರತ್ವದ ಹಾದಿಗಳೇ ಬೇರೆ ಬೇರೆಯಾಗುತ್ತಿದ್ದವು.

ಗಂಡ ಇಲ್ಲಿ, ಹೆಂಡತಿ ಅಲ್ಲಿ ಎಂಬ ಸಂಕಟವೂ ಆಗಲೇ ನ್ಯಾಯಾಲಯವನ್ನು ಹತ್ತಿತು. ಬಿಹಾರದ ಗಯಾ ಸೀಮೆಯ ರಾಜಮನೆತನವೊಂದರ ಕ್ಯಾಪ್ಟನ್ ಗೋಪಾಲ್ ಶರಣ್ ನಾರಾಯಣ ಸಿಂಹರ ವಿವಾಹಿತ ಪತ್ನಿ ತಾನೆಂದು ಹೇಳಿಕೊಂಡ ಕುಮಾರ್ ರಾಣಿ ಸಯೀದಾ ಖಾತೂನ್ ೧೯೪೮ರ ಜುಲೈ ತಿಂಗಳಲ್ಲಿ ಕರಾಚಿಗೆ ಹೋದರು. ಚಿಕಿತ್ಸೆಗೆಂದು ಹೋಗಿದ್ದೆನೆಂಬುದು ಅವರ ವಾದ. ಅದೇ ಡಿಸೆಂಬರಿನಲ್ಲಿ ತಾತ್ಕಾಲಿಕ ರಹದಾರಿಯ ಮೇಲೆ, ಪಾಕಿಸ್ತಾನದ ಪ್ರಜೆಯೆಂದು ಬರೆಸಿಕೊಂಡು ಮರಳಿ, ಅವಧಿ ತೀರಿದಾಗ ೧೯೪೯ರ ಏಪ್ರಿಲ್‌ನಲ್ಲಿ ಪುನಃ ಹೊರಟುಹೋದರು. ೧೯೫೦ರ ಮೇ ತಿಂಗಳಲ್ಲಿ ಶಾಶ್ವತ ವಾಸದ ರಹದಾರಿ ದೊರೆಯಿತಾದರೂ ಜುಲೈನಲ್ಲಿ ಅದು ರದ್ದಾಯಿತು. ಪತಿಯ ನೆಲೆಯೇ ಪತ್ನಿಯ ನೆಲೆ, ಪತಿ ಎಂದೂ ಭಾರತವನ್ನು ಬಿಟ್ಟವರಲ್ಲ, ಆದುದರಿಂದ ನಾನೂ ಭಾರತೀಯಳೇ ಎಂದು ಅವರ ಪಕ್ಷದವರು ವಾದಿಸಿದರು. ನಮ್ಮ ಹಿರಿಯರ ಕಿವಿಗೆ ಇದಕ್ಕಿಂತ ಸಹಜವಾದ ವಾದ ಇನ್ನೊಂದಿಲ್ಲ. ೧೯೫೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ೧೯೪೭ರ ಮಾರ್ಚ್ ೧ರ ಬಳಿಕ ಪಾಕಿಸ್ತಾನಕ್ಕೆ ವಲಸೆಹೋದವರನ್ನು ಕುರಿತ ಏಳನೆಯ ಅನುಚ್ಛೇದ, ನೆಲೆಯ ಆಧಾರದಿಂದ ಪೌರತ್ವ ಕೊಡುವ ಐದನೆಯದನ್ನು ಮೀರಿ ನಿಲ್ಲುವುದೆಂದೂ, ಗಂಡನ ನೆಲೆಯ ಆಸರೆಯಿಂದ ಹೆಂಡತಿ ಅದನ್ನು ದಾಟಲಾಗದೆಂದೂ ತೀರ್ಪಾಯಿತು. ತೀರ್ಪಿನ ತರ್ಕ ನಿರ್ದುಷ್ಟವೆಂಬುದನ್ನು ಒಪ್ಪುತ್ತೇನೆ. ಆದರೂ ತಾತ್ಕಾಲಿಕ ರಹದಾರಿಯ ಅರ್ಜಿಯಲ್ಲಿ ಬರೆಸಿದ ಒಂದು ಪದ ಒಬ್ಬಳ ಇಡೀ ದಾಂಪತ್ಯಕ್ಕಿಂತ ಭಾರವಾಗಿ ತೂಗಿತೆಂಬುದನ್ನು ಓದುವಾಗ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಬ್ರಿಟಿಷರ ೧೯೧೪ರ ಕಾಯಿದೆಯ ಪ್ರಕಾರ ಬ್ರಿಟಿಷ್ ಪ್ರಜೆಯನ್ನು ಕೈಹಿಡಿದ ಪರದೇಶದ ಹೆಣ್ಣು ತಾಳಿಯೊಡನೆಯೇ ಪ್ರಜಾತ್ವವನ್ನೂ ಪಡೆಯುತ್ತಿದ್ದಳೆಂಬುದನ್ನು ನೆನೆದರೆ, ಕಾಲ ಎಷ್ಟು ಬದಲಾಯಿತೆಂಬುದು ಸ್ಪಷ್ಟವಾಗುವುದು. ೧೯೫೨ರ ಅಕ್ಟೋಬರಿನಲ್ಲಿ ರಹದಾರಿಗಳು ಹೋಗಿ, ಎರಡು ದೇಶಗಳ ನಡುವೆ ಪಾಸ್‌ಪೋರ್ಟು ವೀಸಾಗಳು ಬಂದವು.

ಅದೇ ೧೯೫೫ರಲ್ಲಿ ಹಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ, ಪರಕೀಯನನ್ನು ಹೊರಗಟ್ಟುವ ವಿಷಯದಲ್ಲಿ ಸರ್ಕಾರದ ಅಧಿಕಾರ ಪರಿಪೂರ್ಣವೂ ಅನಿರ್ಬಂಧಿತವೂ ಆದುದೆಂದು ಸರ್ವೋಚ್ಚ ನ್ಯಾಯಾಲಯ ಘೋಷಿಸಿತು. ಈ ದೇಶದಲ್ಲಿ ನೆಲೆಸುವ ಮೂಲಭೂತ ಹಕ್ಕು ಪ್ರಜೆಗಳಿಗೆ ಮಾತ್ರ. ಪರಕೀಯನಿಗೆ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯುಂಟೇ ಹೊರತು ವಾಸದ ಹಕ್ಕಿಲ್ಲ. ಭಾರತೀಯರ ಮನೆಗೆ ಸೊಸೆಯಾಗಿ ಅಥವಾ ಅಳಿಯನಾಗಿ ಬಂದವರೂ ಈ ಸೂತ್ರಕ್ಕೆ ಹೊರತಲ್ಲ. ಮದುವೆ ಅರ್ಜಿ ಹಾಕಲು ಒಂದು ಯೋಗ್ಯ ಕಾರಣ, ಬಹುಶಃ ಎಲ್ಲಕ್ಕಿಂತ ಯೋಗ್ಯವಾದ ಕಾರಣ. ಆದರೆ ಅದು ತಾನೇ ಅನುಮತಿಯಲ್ಲ. ೧೯೨೦, ೧೯೩೯, ೧೯೪೬ ಮತ್ತು ೨೦೦೦ನೆಯ ಇಸವಿಗಳ ನಾಲ್ಕು ಕಾಯಿದೆಗಳನ್ನು ತೆಗೆದುಹಾಕಿ ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ತಂದ ವಲಸೆ ಮತ್ತು ವಿದೇಶೀಯರ ಕಾಯಿದೆಯೂ ಈ ತತ್ತ್ವವನ್ನು ಸಡಿಲಿಸಿಲ್ಲ. ಸಕ್ರಮ ಪಾಸ್‌ಪೋರ್ಟಾಗಲಿ ವೀಸಾ ಆಗಲಿ ಇಲ್ಲದೆ ಪ್ರವೇಶಿಸಿದವರಿಗೆ ಐದು ವರ್ಷಗಳವರೆಗಿನ ಸೆರೆ, ಐದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ. ಅವಧಿ ಮೀರಿ ಉಳಿದವರಿಗೆ ಮೂರು ವರ್ಷಗಳವರೆಗಿನ ಸೆರೆ, ಮೂರು ಲಕ್ಷದವರೆಗಿನ ದಂಡ. ತಾನು ವಿದೇಶೀಯನಲ್ಲವೆಂದು ಸಾಧಿಸುವ ಹೊರೆ ಕೂಡ, ಹಿಂದಿನಂತೆಯೇ, ಆ ವ್ಯಕ್ತಿಯ ಮೇಲೆಯೇ.

ಹಾಗಾದರೆ ವೀಸಾ ಇಲ್ಲದೆ ಬರಬಹುದಾದ ಜೀವನಸಂಗಾತಿ ಯಾರೂ ಇಲ್ಲವೆ? ಇದ್ದಾರೆ, ಮತ್ತು ಅವರು ನಮಗೆ ತೀರ ಸಮೀಪದವರು. ೧೯೫೦ರ ಜುಲೈ ೩೧ರಂದು ಕಾಠ್ಮಂಡುವಿನಲ್ಲಿ ಆದ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹದ ಒಪ್ಪಂದದ ಏಳನೆಯ ಅನುಚ್ಛೇದ, ಒಂದು ದೇಶದ ಪ್ರಜೆಗಳಿಗೆ ಇನ್ನೊಂದರಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳ ವಿಷಯದಲ್ಲಿ ಪರಸ್ಪರ ಸಮಾನ ಸೌಲಭ್ಯಗಳನ್ನು ವಾಗ್ದಾನ ಮಾಡುತ್ತದೆ. ಬಿಹಾರದ, ಉತ್ತರ ಪ್ರದೇಶದ ಗಡಿಯ ಜನ ಇದನ್ನು ‘ರೋಟೀ-ಬೇಟೀ’ ಸಂಬಂಧವೆನ್ನುತ್ತಾರೆ. ಅನ್ನವೂ ಹೆಣ್ಣೂ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಕೊಟ್ಟುತಂದು ಬಂದ ಮನೆತನಗಳ ಮಾತು ಅದು. ಆದುದರಿಂದ ಜನಕಪುರದ ಕಡೆಯ ಕನ್ಯೆಯೊಬ್ಬಳು ದೆಹಲಿಯ ವರನನ್ನು ವರಿಸಿ ರಾಜಿಂದರ್ ನಗರದ ಮೂರನೆಯ ಮಹಡಿಯ ಕೊಠಡಿಗೆ ಬಂದು ಸಂಸಾರ ಹೂಡಿದಳೆನ್ನಿ, ಅವಳಿಗೆ ವೀಸಾ ಬೇಡ, ಮೂವತ್ತು ದಿನವೆಂಬ, ತೊಂಬತ್ತು ದಿನವೆಂಬ ಗಡುವಿಲ್ಲ, ಕಚೇರಿಯಲ್ಲಿ ಹೆಸರು ಬರೆಸುವ ಕಟ್ಟಳೆಯಿಲ್ಲ. ಭೂತಾನಿನ ಪ್ರಜೆಗೂ ಬಹುಮಟ್ಟಿಗೆ ಹೀಗೆಯೇ. ಆದರೆ ಚೀನಾ, ಹಾಂಗ್‌ಕಾಂಗ್, ಮಕಾವ್, ಪಾಕಿಸ್ತಾನಗಳಿಂದ ಬರುವಾಗ ಈ ವಿನಾಯಿತಿ ಲೋಪವಾಗುತ್ತದೆಂಬುದನ್ನು ಮರೆಯಬಾರದು. ವಿಮಾನದಲ್ಲಿ ಬರುವ ನೇಪಾಳಿ ಪ್ರಜೆ ಪಾಸ್‌ಪೋರ್ಟನ್ನೋ ತನ್ನ ನಾಗರಿಕತ್ವದ ಪ್ರಮಾಣಪತ್ರವನ್ನೋ ಅಲ್ಲಿಯ ಚುನಾವಣಾ ಆಯೋಗದ ಮತದಾರರ ಚೀಟಿಯನ್ನೋ ತೋರಿಸಿದರೆ ಸಾಕು. ಇಲ್ಲಿಯ ಅಳಿಯ ಅತ್ತೆಯ ಮನೆಗೆ ಕಾಠ್ಮಂಡುವಿಗೆ ಹೊರಟಾಗ ಮಾತ್ರ ಎಚ್ಚರಿಕೆಯಿಂದಿರಬೇಕು: ಸಕಲ ಕಾರ್ಯಗಳಿಗೂ ಮುಂದಿಡುವ ಆಧಾರ್ ಚೀಟಿ, ಹದಿನೈದಕ್ಕೆ ಕಡಿಮೆಯವರನ್ನೂ ಅರವತ್ತೈದು ದಾಟಿದವರನ್ನೂ ಬಿಟ್ಟರೆ, ಆ ಪ್ರಯಾಣಕ್ಕೆ ನಡೆಯುವುದಿಲ್ಲ, ಪಾಸ್‌ಪೋರ್ಟು ಅಥವಾ ನಮ್ಮ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ಮಾಲ್ದೀವಿನವರಿಗೂ ವೀಸಾ ಬೇಡವಾದರೂ ಅವರಿಗೆ ತೊಂಬತ್ತು ದಿನಗಳ ಮಿತಿಯುಂಟು. ಪತ್ನಿಯಾಗಿ ಬಂದರೂ ತೊಂಬತ್ತೊಂದನೆಯ ದಿನ ಅವಳು ಅತಿಥಿಯಲ್ಲ, ಅಪರಾಧಿ.

ಉಳಿದ ಜಗತ್ತಿಗೆಲ್ಲ ವೀಸಾ ಬೇಕು, ಮತ್ತು ಇಲ್ಲಿಂದ ಮುಂದಿನದು ದಿನಗಳ ಲೆಕ್ಕ. ಶಿಕಾಗೋದಲ್ಲಿ ಉದ್ಯೋಗದಲ್ಲಿರುವ ಮಗ ಅಮೆರಿಕದ ಹುಡುಗಿಯನ್ನು ಮದುವೆಯಾಗಿ ಧಾರವಾಡಕ್ಕೆ ಕರೆತರುತ್ತಾನೆ. ಅವಳು ಮನೆಯಲ್ಲಿಯೇ ಕುಳಿತು ಇ-ವೀಸಾ ಪಡೆದಿದ್ದಾಳೆ. ೨೦೧೪ರ ನವೆಂಬರಿನಲ್ಲಿ ಆರಂಭವಾದ ಈ ವ್ಯವಸ್ಥೆ ಬಹಳ ಸುಲಭವಾದುದು, ಸುಲಭವಾದುದರಿಂದಲೇ ಭ್ರಾಂತಿಯನ್ನು ಹುಟ್ಟಿಸುವಂಥದು. ಐದು ವರ್ಷಗಳ ಪ್ರವಾಸಿ ವೀಸಾ ಎಂದರೆ ಐದು ವರ್ಷ ಇಲ್ಲಿರಬಹುದೆಂದಲ್ಲ. ಐದು ವರ್ಷಗಳಲ್ಲಿ ಹಲವು ಸಲ ಬಂದುಹೋಗಬಹುದೆಂದು ಅರ್ಥ. ಬಹುಪಾಲು ದೇಶಗಳವರಿಗೆ ಒಂದು ಸಲದ ವಾಸ ತೊಂಬತ್ತು ದಿನ. ಅಮೆರಿಕ, ಬ್ರಿಟನ್, ಜಪಾನ್ ಮೊದಲಾದ ಕೆಲವು ದೇಶಗಳವರಿಗೆ ನೂರಎಂಬತ್ತು. ಅಷ್ಟೇ ಅಲ್ಲದೆ ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು ವಾಸ ನೂರಎಂಬತ್ತನ್ನು ಮೀರಬಾರದು. ಅತ್ತೆಗೆ ಕಾಯಿಲೆಯೆಂದು, ನಾದಿನಿಯ ಬಾಣಂತನವೆಂದು, ಇನ್ನೊಂದು ತಿಂಗಳು ಇದ್ದುಹೋಗಮ್ಮ ಎಂದು ಮನೆಯವರು ಪ್ರೀತಿಯಿಂದ ತಡೆದಾಗ ಯಾರೂ ಪಾಸ್‌ಪೋರ್ಟಿನ ಠಸ್ಸೆಯ ಮೇಲಿರುವ ದಿನಾಂಕವನ್ನು ನೋಡುವುದಿಲ್ಲ. ಆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತುಮಾಡಿಕೊಳ್ಳುವುದೇ ಮೇಲು.

ಇನ್ನು ಮದುವೆ ಭಾರತದಲ್ಲಿಯೇ ಆಗಬೇಕೆಂದರೆ, ದಿನಗಳ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಭಿನ್ನ ಧರ್ಮದ, ಭಿನ್ನ ದೇಶದ ವಧೂವರರು ಸಾಮಾನ್ಯವಾಗಿ ೧೯೫೪ರ ವಿಶೇಷ ವಿವಾಹ ಕಾಯಿದೆಯನ್ನು ಆಶ್ರಯಿಸುತ್ತಾರೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಮೂವತ್ತು ದಿನಗಳ ಕಾಲ ವಾಸವಾಗಿದ್ದು ನೋಟೀಸು ಕೊಡಬೇಕು. ಆ ನೋಟೀಸನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿ, ಆಕ್ಷೇಪಣೆಗಳಿಗಾಗಿ ಇನ್ನೊಂದು ಮೂವತ್ತು ದಿನ ಕಾಯಬೇಕು. ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ನೋಟೀಸಿನ ಆಯುಸ್ಸು ಮುಗಿಯುವುದು. ಎಸ್‌ಡಿಎಂ, ಅಂದರೆ ಉಪವಿಭಾಗಾಧಿಕಾರಿಯ, ಕಚೇರಿಯ ಗೋಡೆಯಲ್ಲಿ, ಮಾಸಿದ ಗಾಜಿನ ಹಿಂದೆ, ಗುಂಡುಸೂಜಿಯಿಂದ ಚುಚ್ಚಿದ ಆ ಜೋಡಿಭಾವಚಿತ್ರಗಳನ್ನು ನಿಂತು ನೋಡಿದವರಿಗೆ ಗೊತ್ತು: ಬೀದಿಯಲ್ಲಿ ಹೋಗುವವನೂ ಬಂದು ಇವರ ಹೆಸರು, ವಯಸ್ಸು, ವಿಳಾಸಗಳನ್ನು ಓದಿಕೊಂಡು ಹೋಗಬಹುದು. ಮೂವತ್ತು ದಿನದ ಪ್ರವಾಸಿ ವೀಸಾ ಹಿಡಿದು ಬಂದ ವಧು ಈ ನೋಟೀಸಿನ ಅವಧಿ ತೀರುವ ಮುನ್ನವೇ ವಿಮಾನ ಹತ್ತಬೇಕಾಗುವುದು. ಎರಡು ಕಾಯಿದೆಗಳನ್ನು ಬರೆದವರು ಒಬ್ಬರನ್ನೊಬ್ಬರು ಕಂಡಿರಲಿಲ್ಲವೆಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಇದಲ್ಲದೆ ಆಕೆ ಅವಿವಾಹಿತೆಯೆಂಬುದಕ್ಕೆ ಅವಳ ದೇಶದ ರಾಯಭಾರ ಕಚೇರಿಯಿಂದ ಒಂದು ಪತ್ರವನ್ನು ತರಿಸಬೇಕೆಂದು ನೋಂದಣಾಧಿಕಾರಿಗಳು ಕೇಳುವುದೂ ಉಂಟು.

ಮದುವೆಯಾದ ಬಳಿಕ ಯುಕ್ತವಾದ ದಾರಿ ಎಕ್ಸ್-೨ ಎಂಬ ಪ್ರವೇಶ ವೀಸಾ. ಭಾರತೀಯರ ಪತಿಪತ್ನಿಯರಿಗೂ ಮಕ್ಕಳಿಗೂ ಅದು ಮೀಸಲು. ಬೇರೆ ವೀಸಾದ ಮೇಲೆ ಬಂದು ಇಲ್ಲಿಯೇ ಮದುವೆಯಾದವರು ಅದನ್ನು ಎಕ್ಸ್-೨ ಆಗಿ ಬದಲಿಸಿಕೊಡಿರೆಂದು ಬೇಡಿಕೊಳ್ಳುವುದಕ್ಕೂ ಅವಕಾಶವುಂಟು. ದೆಹಲಿಯಲ್ಲಿ ಬೇಡಿಕೊಳ್ಳಬೇಕಾದ ಸ್ಥಳ ರಾಮಕೃಷ್ಣಪುರದ ಒಂದನೆಯ ಸೆಕ್ಟರಿನ ಈಸ್ಟ್ ಬ್ಲಾಕಿನಲ್ಲಿರುವ ಎಫ್‌ಆರ್‌ಆರ್‌ಒ, ಅಂದರೆ ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿ. ಅದೇ ರಾಮಕೃಷ್ಣಪುರದ ಹನ್ನೆರಡನೆಯ ಸೆಕ್ಟರಿನಲ್ಲಿ ದೆಹಲಿ ಕರ್ನಾಟಕ ಸಂಘವಿರುವುದು ನಮ್ಮವರಿಗೆ ಒಂದು ಆಕಸ್ಮಿಕ ಸೌಕರ್ಯ, ಕಚೇರಿಯ ಕಾಯುವಿಕೆ ಮುಗಿದ ಮೇಲೆ ಕನ್ನಡದ ಮಾತು ಕೇಳಬಹುದು. ೨೦೧೮ರಿಂದ ಹೆಚ್ಚಿನ ಕೆಲಸ ಇ-ಎಫ್‌ಆರ್‌ಆರ್‌ಒ ಎಂಬ ಜಾಲತಾಣದ ಮೂಲಕ ಮನೆಯಿಂದಲೇ ನಡೆಯುತ್ತದೆ. ನೂರಎಂಬತ್ತು ದಿನ ಮೀರಿದ ಅವಧಿಯ ವೀಸಾ ಉಳ್ಳವರು ಬಂದ ಹದಿನಾಲ್ಕು ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು.

ಇನ್ನೊಂದು ಕರ್ತವ್ಯ ದಂಪತಿಗಳದಲ್ಲ, ಮನೆಯ ಮಾಲೀಕನದು. ಆದರೆ ಅವನು ಮರೆತರೆ ಫಜೀತಿ ದಂಪತಿಗಳಿಗೆ. ವಿದೇಶೀಯರು ಬಂದು ತಂಗಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಜನ ಇದನ್ನು ‘ಫಾರ್ಮ್ ಸಿ’ ಎಂದೇ ಕರೆಯುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಗುಮಾಸ್ತರು ಕಣ್ಣುಮುಚ್ಚಿ ಮಾಡುವ ಕೆಲಸ ಇದು. ರಾಜಿಂದರ್ ನಗರದ ಪಿ.ಜಿ. ಮಾಲೀಕನಿಗಾದರೆ, ವಿದ್ಯಾರ್ಥಿಗಳ ಪೊಲೀಸ್ ವೆರಿಫಿಕೇಶನ್ ಚೀಟಿಯನ್ನು ಠಾಣೆಗೆ ತಲುಪಿಸುವುದೇ ಸಾಕುಸಾಕಾಗಿರುವಾಗ, ಬಾಡಿಗೆದಾರ ತನ್ನ ವಿದೇಶೀ ಪತ್ನಿಯನ್ನು ನಾಲ್ಕು ದಿನ ಕರೆತಂದಿದ್ದಾನೆಂದರೆ ಪಾಸ್‌ಪೋರ್ಟಿನ ಸಂಖ್ಯೆ, ವೀಸಾದ ಸಂಖ್ಯೆ, ಬಂದ ವಿಮಾನನಿಲ್ದಾಣ, ಮುಂದೆ ಹೋಗುವ ಊರು ಇವುಗಳನ್ನೆಲ್ಲ ತುಂಬಿ ಕಳುಹಿಸುವ ತಾಳ್ಮೆ ಎಲ್ಲಿಂದ ಬರಬೇಕು? ನೋಂದಣಿಗೋ ವೀಸಾ ವಿಸ್ತರಣೆಗೋ ಅರ್ಜಿ ಹಾಕಿದಾಗ ಮಾತ್ರ ವಾಸಕ್ಕೆ ಪ್ರಮಾಣವೆಲ್ಲಿ ಎಂಬ ಪ್ರಶ್ನೆ ಏಳುತ್ತದೆ.

ಮದುವೆಯಾಗಿ ಎರಡು ವರ್ಷ ಕಳೆದರೆ ನಿಟ್ಟುಸಿರು ಬಿಡಬಹುದು. ಪೌರತ್ವ ಕಾಯಿದೆಯ ೭ಎ ವಿಧಿಯ ಪ್ರಕಾರ, ನೋಂದಾಯಿತ ವಿವಾಹ ಅರ್ಜಿಗೆ ಹಿಂದಿನ ಎರಡು ವರ್ಷಗಳ ಕಾಲ ಎಡೆಬಿಡದೆ ಊರ್ಜಿತವಾಗಿದ್ದರೆ ಭಾರತೀಯನ ವಿದೇಶೀ ಮೂಲದ ಪತ್ನಿ ಅಥವಾ ಭಾರತೀಯಳ ವಿದೇಶೀ ಮೂಲದ ಪತಿ, ಭದ್ರತಾ ತಪಾಸಣೆಯ ತರುವಾಯ, ಒಸಿಐ, ಅಂದರೆ ಭಾರತದ ಸಾಗರೋತ್ತರ ಪ್ರಜೆ ಎಂಬ, ಕಾರ್ಡನ್ನು ಪಡೆಯಬಹುದು. ಅನಂತರ ವೀಸಾ ಎಂಬ ಮಾತಿಲ್ಲ, ನೋಂದಣಿಯಿಲ್ಲ, ಜೀವಮಾನವಿಡೀ ಬಂದುಹೋಗಬಹುದು. ನಮ್ಮ ಹೆಚ್ಚಿನ ಕುಟುಂಬಗಳು ‘ವೀಸಾ ಇಲ್ಲದೆ ಬಂದಿದ್ದಾಳೆ’ ಎನ್ನುವಾಗ ಮನಸ್ಸಿನಲ್ಲಿರುವುದು ಈ ಕಾರ್ಡೇ. ಆದರೆ ವಿಚ್ಛೇದನವಾದರೆ ಕಾರ್ಡು ರದ್ದಾಗಬಹುದು. ತಂದೆತಾಯಿ, ಅಜ್ಜ, ಮುತ್ತಜ್ಜರಲ್ಲಿ ಯಾರಾದರೂ ಪಾಕಿಸ್ತಾನದ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಅದು ಸಿಗುವುದೇ ಇಲ್ಲ. ‘ಜೀವಮಾನ’ ಎಂಬ ಮಾತನ್ನೂ ಅಕ್ಷರಶಃ ನಂಬಬಾರದೆಂದು ೨೦೨೦ರ ಮಾರ್ಚ್ ತೋರಿಸಿಕೊಟ್ಟಿತು: ಕೊರೋನಾ ಮಾರಿ ಬಂದಾಗ ಒಸಿಐ ಕಾರ್ಡಿನ ವೀಸಾರಹಿತ ಪ್ರವೇಶವನ್ನೂ ಸರ್ಕಾರ ಅಮಾನತಿನಲ್ಲಿಟ್ಟು, ಮೇ ತಿಂಗಳಲ್ಲಿ ಕೆಲವು ವರ್ಗದವರಿಗೆ ಮಾತ್ರ ಸಡಿಲಿಸಿತು. ಗಂಡ ಬೆಂಗಳೂರಿನಲ್ಲಿ, ಹೆಂಡತಿ ಹೊರದೇಶದಲ್ಲಿ ಸಿಕ್ಕಿಬಿದ್ದು ದಿನ ಎಣಿಸಿದ ಆ ವಾರಗಳು ಆಯಾ ಕುಟುಂಬಗಳಿಗೆ ಇನ್ನೂ ಮರೆತಿಲ್ಲ.

ಪಾಕಿಸ್ತಾನದ ಸಂಬಂಧಗಳ ಮಾತೇ ಬೇರೆ. ಕಡಲಾಚೆ ಬಂಧುತ್ವ ಬೆಳೆಸಿದ ನಮ್ಮ ಭಟ್ಕಳದಲ್ಲಿ, ಊರಿನವನನ್ನು ಮದುವೆಯಾಗಿ ಅಕ್ರಮವಾಗಿ ದೇಶದೊಳಗೆ ಬಂದು, ವರ್ಷಗಟ್ಟಲೆ ಸಂಸಾರ ನಡೆಸುತ್ತಿದ್ದ ಪಾಕಿಸ್ತಾನಿ ಮಹಿಳೆಯೊಬ್ಬಳನ್ನು ೨೦೨೧ರ ಜೂನ್‌ನಲ್ಲಿ ಪೊಲೀಸರು ಬಂಧಿಸಿದರು. ೨೦೨೩ರ ಜನವರಿಯಲ್ಲಿ, ಮೊಬೈಲಿನ ಲೂಡೋ ಆಟದಲ್ಲಿ ಪರಿಚಯವಾದ ಯುವಕನನ್ನು ನೇಪಾಳದಲ್ಲಿ ಕೈಹಿಡಿದು ಬೆಂಗಳೂರಿಗೆ ಬಂದಿದ್ದ ಹದಿಹರೆಯದ ಹುಡುಗಿ ಸಿಕ್ಕಿಬಿದ್ದು, ಮುಂದಿನ ತಿಂಗಳು ಪಂಜಾಬಿನ ಗಡಿಯ ಅಟಾರಿಯ ಮೂಲಕ ಪಾಕಿಸ್ತಾನಕ್ಕೆ ಹಿಂದಿರುಗಿದಳು. ಅದೇ ವರ್ಷ ಜುಲೈನಲ್ಲಿ ರಾಜಧಾನಿಯ ಸೆರಗಿನಲ್ಲಿರುವ ರಬೂಪುರಾದಲ್ಲಿ, ನಾಲ್ಕು ಮಕ್ಕಳೊಡನೆ ನೇಪಾಳದ ದಾರಿಯಿಂದ ಬಂದ ಇನ್ನೊಬ್ಬಳ ಸುದ್ದಿ ದೇಶವನ್ನೆಲ್ಲ ಸುತ್ತಿತು. ಈ ಕೊನೆಯ ಎರಡು ಪ್ರಕರಣಗಳಲ್ಲಿಯೂ ಭ್ರಾಂತಿ ಒಂದೇ: ನೇಪಾಳದ ಗಡಿ ತೆರೆದಿದೆ, ಆದುದರಿಂದ ಅಲ್ಲಿಂದ ಬಂದರೆ ಸಾಕು. ಆ ಗಡಿ ತೆರೆದಿರುವುದು ನೇಪಾಳಿಗಳಿಗೂ ನಮಗೂ ಮಾತ್ರವೇ ಹೊರತು ಮೂರನೆಯ ದೇಶದವರಿಗಲ್ಲ.

ಸಕ್ರಮವಾಗಿ ಬಂದವರಿಗೂ ಒಂದು ದಿನ ಗಡುವು ಬೀಳಬಹುದೆಂಬುದನ್ನು ೨೦೨೫ರ ಏಪ್ರಿಲ್ ತೋರಿಸಿತು. ಕಾಶ್ಮೀರದ ಪಹಲ್ಗಾಮಿನ ಹತ್ಯಾಕಾಂಡದ ಮರುದಿನ, ಏಪ್ರಿಲ್ ೨೩ರಂದು, ಅಟಾರಿಯ ತಪಾಸಣಾ ಕೇಂದ್ರವನ್ನು ಮುಚ್ಚಲು ನಿರ್ಣಯವಾಯಿತು. ಪಾಕಿಸ್ತಾನಿ ಪ್ರಜೆಗಳ ವೀಸಾಗಳು ೨೭ರಿಂದ ನಿರರ್ಥಕವಾದವು, ವೈದ್ಯಕೀಯ ವೀಸಾಗಳು ಮಾತ್ರ ೨೯ರ ತನಕ ನಡೆದವು. ದೀರ್ಘಾವಧಿ ವೀಸಾದವರನ್ನು ಈ ಆಜ್ಞೆ ಮುಟ್ಟಲಿಲ್ಲವಾದ್ದರಿಂದ ಅದನ್ನು ಪಡೆದು ಸಂಸಾರ ಮಾಡುತ್ತಿದ್ದ ಹೆಣ್ಣುಮಕ್ಕಳು ಉಳಿದುಕೊಂಡರು. ಆದರೆ ತವರಿಗೆ ಬಂದಿದ್ದ, ಭಾರತದ್ದೇ ಪಾಸ್‌ಪೋರ್ಟು ಹಿಡಿದ, ಪಾಕಿಸ್ತಾನದಲ್ಲಿ ಗಂಡನಿರುವ ಹೆಂಗಸರು ಅಟಾರಿಯ ಬಾಗಿಲಲ್ಲಿ ನಿಂತುಬಿಟ್ಟರು: ಮಕ್ಕಳ ಪಾಸ್‌ಪೋರ್ಟು ಆ ದೇಶದ್ದು, ತಾಯಿಯದು ಈ ದೇಶದ್ದು, ಮಕ್ಕಳು ಹೋಗಬೇಕು, ತಾಯಿ ಹೋಗುವಂತಿಲ್ಲ.

ಈ ಎಲ್ಲ ದಾರಿಗಳ ತುದಿಯಲ್ಲಿರುವುದು ಪೌರತ್ವ. ಭಾರತೀಯರನ್ನು ವರಿಸಿ ಏಳು ವರ್ಷ ಇಲ್ಲಿ ವಾಸವಾಗಿದ್ದವರು ಪೌರತ್ವ ಕಾಯಿದೆಯ ೫(೧)(ಸಿ) ವಿಧಿಯ ಮೇರೆಗೆ ನೋಂದಣಿಗೆ ಅರ್ಜಿ ಹಾಕಬಹುದು. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಸತತವಾಗಿ, ಅದಕ್ಕೆ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷವಾದರೂ ಇದ್ದಿರಬೇಕು. ಅಮೆರಿಕದ ಸೊಸೆಗೆ ಇದನ್ನು ತೋರಿಸುವುದು ಕಷ್ಟವಲ್ಲ, ಅವಳ ಪಾಸ್‌ಪೋರ್ಟಿನ ಪುಟಗಳಲ್ಲಿ ಬಂದ ದಿನ ಹೋದ ದಿನಗಳ ಠಸ್ಸೆಗಳು ಸಾಲಾಗಿ ಬಿದ್ದಿರುತ್ತವೆ. ಯಾವ ಮಿತಿಯೂ ಇಲ್ಲದೆ ರಕ್ಸೌಲಿನಲ್ಲಿಯೋ ಸುನೌಲಿಯಲ್ಲಿಯೋ ನಡೆದುಬಂದ ನೇಪಾಳದ ಸೊಸೆಗೆ ಮಾತ್ರ ಠಸ್ಸೆಯೂ ಇಲ್ಲ, ನೋಂದಣಿಯೂ ಇಲ್ಲ. ಬಾಡಿಗೆಯ ಕರಾರು, ಆಸ್ಪತ್ರೆಯ ಚೀಟಿ, ಮಕ್ಕಳ ಶಾಲೆಯ ರಸೀತಿಗಳನ್ನು ಒಟ್ಟುಮಾಡಿ ಅವಳು ತನ್ನ ಏಳು ವರ್ಷಗಳನ್ನು ಕಟ್ಟಿ ತೋರಿಸಬೇಕು. ೨೦೨೫ರಲ್ಲಿ ಬಿಹಾರದ ಮತದಾರರ ಪಟ್ಟಿಯನ್ನು ತೀವ್ರವಾಗಿ ಪರಿಷ್ಕರಿಸಿದಾಗ ಗಡಿಯ ಜಿಲ್ಲೆಗಳಲ್ಲಿ ಕೈಯಲ್ಲಿ ಕಾಗದವಿಲ್ಲದೆ ತಬ್ಬಿಬ್ಬಾದವರಲ್ಲಿ, ಹತ್ತಾರು ವರ್ಷಗಳ ಹಿಂದೆ ನೇಪಾಳದಿಂದ ಮದುವೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡಿದ್ದ ಗೃಹಿಣಿಯರೂ ಇದ್ದರು.